ತೆಳುಗಲ್ಲಿನ ಫಲಕ, ಬೆಟ್ಟದ ತೂಕ



ಯಳಂದೂರಿನ ಗೌರೀಶ್ವರ ದೇವಾಲಯದ ಮಹಾದ್ವಾರವನ್ನು ಊರಿನವರು ಬಳೇಮಂಟಪವೆಂದೇ ಕರೆಯುತ್ತಾರೆ. ಹದಿನಾಡಿನ ಪಾಳೆಯಗಾರರ ಕಾಲದ, 17ನೆಯ ಶತಮಾನದ ರಚನೆ ಅದು. ಒಂದೇ ಕಲ್ಲಿನಿಂದ ಬಿಡಿಸಿದ ಬಳೆಗಳನ್ನು ಒಂದಕ್ಕೊಂದು ಕೋದಂತೆ ಕೆತ್ತಿದ ಸರಪಣಿಗಳಿಂದ ಅದಕ್ಕೆ ಆ ಹೆಸರು ಬಂದಿತು. ಭಾರವಾದ ಶಿಲೆಯನ್ನು ಹಗುರವಾಗಿ ಕಾಣಿಸಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ ಎಂಬುದಕ್ಕೆ ಆ ಮಂಟಪವೇ ಸಾಕ್ಷಿ.

ಅದೇ ಆಸೆ ಈಗ ಕಾರ್ಖಾನೆಯ ರೂಪ ತಾಳಿದೆ. ನಗರಗಳ ಎತ್ತರದ ಕಟ್ಟಡಗಳ ಹೊರಗೋಡೆಗೆ, ಲಿಫ್ಟಿನ ಒಳಬದಿಗೆ, ಆಸ್ಪತ್ರೆ ಮತ್ತು ಹೋಟೆಲುಗಳ ಪಡಸಾಲೆಗೆ ಹಗುರ ಅಮೃತಶಿಲೆಯ ಫಲಕಗಳು ಬಂದಿವೆ. ಅಮೃತಶಿಲೆಯಂತೆಯೇ ಕರಿಕಲ್ಲನ್ನೂ ಹೀಗೆ ಸೀಳಿ ಅಂಟಿಸುತ್ತಾರೆ. ಕಲ್ಲು ತೆಳುವಾದರೆ ಬೆಟ್ಟ ಉಳಿಯುತ್ತದೆ, ಆದುದರಿಂದ ಇದು ಪರಿಸರಸ್ನೇಹಿ ಎಂಬ ಮಾತು ಮಾರಾಟದ ಜೊತೆಯಲ್ಲಿಯೇ ಬರುತ್ತದೆ. ಕರಿಕಲ್ಲಿನ ಗಣಿಗಳಿಗೆ ಹೆಸರಾದ ಚಾಮರಾಜನಗರ ಜಿಲ್ಲೆಯ ಜನ ಆ ಮಾತನ್ನು ನಂಬುವ ಮೊದಲು ಅಥವಾ ತಳ್ಳಿಹಾಕುವ ಮೊದಲು ಲೆಕ್ಕ ಹಾಕಿ ನೋಡುವುದು ಉಚಿತ. ಹಗುರತನವನ್ನು ಗೋಡೆಯ ಮೇಲೆ ಮಾತ್ರ ತೂಗಿದರೆ ಲೆಕ್ಕ ಪೂರ್ಣವಾಗುವುದಿಲ್ಲ. ಗಣಿಯಲ್ಲಿ, ಕೊಯ್ಯುವ ಕಾರ್ಖಾನೆಯಲ್ಲಿ, ಹೊಲದಲ್ಲಿ, ಕೊನೆಗೆ ಕಾಲದ ತಕ್ಕಡಿಯಲ್ಲಿಯೂ ಅದನ್ನು ತೂಗಬೇಕಾಗುತ್ತದೆ.

ಫಲಕ ತಯಾರಾಗುವ ಬಗೆ

ಸಾಮಾನ್ಯವಾಗಿ ಗೋಡೆಗೆ ಹಚ್ಚುವ ಚಪ್ಪಡಿ 20 ಮಿ.ಮೀ. ದಪ್ಪದ್ದು. ಅಮೃತಶಿಲೆಯ ಒಂದು ಘನಮೀಟರಿಗೆ ಸುಮಾರು 2,700 ಕಿ.ಗ್ರಾಂ. ತೂಕವಿರುವುದರಿಂದ ಅಂಥ ಚಪ್ಪಡಿಯ ಒಂದು ಚದರ ಮೀಟರು 54 ಕಿ.ಗ್ರಾಂ. ತೂಗುತ್ತದೆ. ಕರಿಕಲ್ಲಾದರೆ 60 ಕಿ.ಗ್ರಾಂ. ಆಸುಪಾಸು. ಹಗುರ ಫಲಕದಲ್ಲಿ ಕಲ್ಲಿನ ದಪ್ಪ 5 ಮಿ.ಮೀ. ಮಾತ್ರ. ಅಷ್ಟು ತೆಳುವಾದ ಕಲ್ಲು ತಾನಾಗಿ ನಿಲ್ಲಲಾರದು, ಎತ್ತಿದರೆ ಮುರಿಯುತ್ತದೆ. ಆದುದರಿಂದ ಅದರ ಬೆನ್ನಿಗೆ ಅಲ್ಯೂಮಿನಿಯಂ ತಗಡಿನ ಜೇನುಗೂಡನ್ನು ಎಪಾಕ್ಸಿ ಎಂಬ ಅಂಟಿನಿಂದ ಬೆಸೆಯುತ್ತಾರೆ. ಬಿಳಿಗಿರಿಯ ಸೋಲಿಗರಿಗೆ ಜೇನುಗೂಡಿನ ಬಲವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ಹಿಸುಕಿದರೆ ಕುಸಿಯುವ ಮೇಣದ ಆರು ಮೂಲೆಯ ಕೋಶಗಳು ಒಟ್ಟಾಗಿ ನಿಂತಾಗ ತಮ್ಮ ತೂಕದ ಹಲವು ಪಟ್ಟು ತುಪ್ಪವನ್ನು ಹೊರುತ್ತವೆ. ಅದೇ ತತ್ತ್ವವನ್ನು ಇಲ್ಲಿ ಲೋಹದಲ್ಲಿ ಅನುಕರಿಸಲಾಗಿದೆ.

ಕಲ್ಲನ್ನು ಮೊದಲೇ 5 ಮಿ.ಮೀ.ಗೆ ಕೊಯ್ದು ಆಮೇಲೆ ಅಂಟಿಸುವುದಿಲ್ಲ. ದಪ್ಪ ಚಪ್ಪಡಿಯ ಎರಡೂ ಬದಿಗೆ ಜೇನುಗೂಡನ್ನು ಅಂಟಿಸಿ, ಅಂಟು ಗಟ್ಟಿಯಾದ ಮೇಲೆ ನಡುವಿನಲ್ಲಿರುವ ಕಲ್ಲನ್ನು ಗರಗಸದಿಂದ ಎರಡಾಗಿ ಸೀಳುತ್ತಾರೆ. ಒಂದು ಚಪ್ಪಡಿ ಎರಡು ಫಲಕಗಳಾಗುತ್ತದೆ. ಲೋಹ, ಅಂಟು ಎಲ್ಲವೂ ಸೇರಿ ಚದರ ಮೀಟರಿಗೆ ಸುಮಾರು 20 ಕಿ.ಗ್ರಾಂ. ಒಳಗೆ ತೂಕ ಬರುತ್ತದೆ.

ಇದರಿಂದ ಆಗುವ ಅನುಕೂಲ ಸುಳ್ಳಲ್ಲ. ಎತ್ತರದ ಕಟ್ಟಡದ ಕಂಬಗಳ ಮೇಲಿನ ಹೊರೆ ಇಳಿಯುತ್ತದೆ. ಭೂಕಂಪವಾದಾಗ ಅಲುಗಾಡುವ ಭಾರ ಕಡಿಮೆ. ಸಾಗಿಸುವ ಲಾರಿಗಳ ಸಂಖ್ಯೆ ಇಳಿಯುತ್ತದೆ. ಕೆಲಸಗಾರನು ಬೆನ್ನು ಮುರಿದುಕೊಳ್ಳದೆ ಫಲಕವನ್ನು ಎತ್ತಬಲ್ಲನು. ಹಳೆಯ ಕಟ್ಟಡದ ಗೋಡೆ ಹೆಚ್ಚಿನ ಭಾರವನ್ನು ತಾಳದಿದ್ದಾಗ ಇದಕ್ಕಿಂತ ಒಳ್ಳೆಯ ಕಲ್ಲಿನ ಹೊದಿಕೆ ಸಿಗುವುದು ಕಷ್ಟ. ಇವನ್ನು ಒಪ್ಪಿಕೊಂಡೇ ಮುಂದಿನ ಲೆಕ್ಕಕ್ಕೆ ಹೋಗಬೇಕು.

ಗರಗಸದ ಲೆಕ್ಕ

ದಪ್ಪ 20ರಿಂದ 5 ಮಿ.ಮೀ.ಗೆ ಇಳಿದರೆ ಬೆಟ್ಟದಿಂದ ತೆಗೆಯುವ ಕಲ್ಲೂ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಬೇಕಲ್ಲವೇ? ಹಾಗೆ ಇಳಿಯುವುದಿಲ್ಲ. ಕಾರಣ ಗರಗಸದ ಬಾಯಿ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬಹುದು.

ಒಂದು ಮೀಟರು ದಪ್ಪದ ಕಲ್ಲಿನ ಬ್ಲಾಕ್ ಇದೆಯೆಂದು ಭಾವಿಸೋಣ. ಗರಗಸದ ಪ್ರತಿಯೊಂದು ಕೊಯ್ತಕ್ಕೆ 5 ಮಿ.ಮೀ. ಕಲ್ಲು ಹುಡಿಯಾಗಿ ಹೋಗುತ್ತದೆಂದು ಇಟ್ಟುಕೊಂಡರೆ, 20 ಮಿ.ಮೀ. ಚಪ್ಪಡಿಗೆ ತಗಲುವುದು 25 ಮಿ.ಮೀ. ಹೀಗೆ 40 ಚಪ್ಪಡಿಗಳು ದೊರೆಯುತ್ತವೆ. ಗೋಡೆ ಸೇರಿದ ಕಲ್ಲು 80 ಸೆಂ.ಮೀ., ಕೆಸರಾಗಿ ಹರಿದದ್ದು 20 ಸೆಂ.ಮೀ.

ಈಗ ಅದೇ 40 ಚಪ್ಪಡಿಗಳನ್ನು ನಡುವೆ ಸೀಳಿದರೆ 80 ಹಗುರ ಫಲಕಗಳಾಗುತ್ತವೆ. ಸೀಳುವಾಗ ಮತ್ತೆ 5 ಮಿ.ಮೀ. ಹೋಗುತ್ತದೆ. ಉಳಿದ ಕಲ್ಲನ್ನು ಸಮತಟ್ಟಾಗಿ ಉಜ್ಜಿ, ಪಾಲಿಶ್ ಮಾಡಿ 5 ಮಿ.ಮೀ.ಗೆ ತರುವಾಗ ಇನ್ನಷ್ಟು ಹೋಗುತ್ತದೆ. ಕೊನೆಗೆ 80 ಫಲಕಗಳಲ್ಲಿ ನಿಂತ ಕಲ್ಲು 40 ಸೆಂ.ಮೀ., ಕೆಸರಾದದ್ದು 60 ಸೆಂ.ಮೀ.

ಅಂದರೆ ಒಂದು ಚದರ ಮೀಟರು ಗೋಡೆಗೆ ಬೇಕಾದ ಬ್ಲಾಕು ಅರ್ಧಕ್ಕೆ ಇಳಿಯಿತು. ಅದು ನಿಜವಾದ ಉಳಿತಾಯ. ಆದರೆ ಅದೇ ಒಂದು ಚದರ ಮೀಟರಿಗೆ ಹುಟ್ಟುವ ಕಲ್ಲಿನ ಕೆಸರು ಒಂದೂವರೆ ಪಟ್ಟಾಯಿತು. ತೆಳುವಾದ ಗರಗಸ, ತೆಳುವಾದ ಚಪ್ಪಡಿ ಬಳಸಿದರೆ ಈ ಅಂಕಿಗಳು ಉತ್ತಮಗೊಳ್ಳುತ್ತವೆ; ಲೆಕ್ಕದ ದಿಕ್ಕು ಮಾತ್ರ ಬದಲಾಗುವುದಿಲ್ಲ. ಗಣಿಯ ಮೇಲಿನ ಒತ್ತಡದ ಒಂದು ಪಾಲು ಕೆಸರಿನ ಹೊಂಡಕ್ಕೆ ವರ್ಗವಾಗುತ್ತದೆ.

ಆ ಕೆಸರು ಏನಾಗುತ್ತದೆಂಬುದಕ್ಕೆ ರಾಜಸ್ಥಾನದ ಕಿಶನ್‌ಗಢ ಉದಾಹರಣೆ. ಅಮೃತಶಿಲೆಯ ದೊಡ್ಡ ಮಾರುಕಟ್ಟೆಯಾದ ಆ ಊರಿನ ಹೊರಗೆ ಕಾರ್ಖಾನೆಗಳ ಬಿಳಿಯ ಕೆಸರನ್ನು ಸುರಿದು ಸುರಿದು ಹಿಮದ ಬಯಲಿನಂಥ ದಿಬ್ಬಗಳೆದ್ದಿವೆ. ಜನರು ಅಲ್ಲಿಗೆ ಛಾಯಾಚಿತ್ರ ತೆಗೆಸಿಕೊಳ್ಳಲು ಹೋಗುತ್ತಾರೆ. ನೋಟಕ್ಕೆ ಹಿಮದಂತಿರುವ ಆ ನೆಲದಲ್ಲಿ ಬೆಳೆ ಬೆಳೆಯುವುದಿಲ್ಲ. ಕಲ್ಲಿನ ನುಣುಪು ಹುಡಿ ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದಾಗ ಹೆಪ್ಪುಗಟ್ಟಿ ಮಳೆನೀರು ಇಂಗದಂತೆ ತಡೆಯುತ್ತದೆ. ಅಮೃತಶಿಲೆಯ ಹುಡಿ ಮೂಲತಃ ಸುಣ್ಣದ ಕಾರ್ಬೊನೇಟು. ಮಲೆನಾಡಿನ ಹುಳಿಮಣ್ಣಿಗೆ ಅದನ್ನು ಪರೀಕ್ಷಿಸಿ ಹಿತಮಿತವಾಗಿ ಹಾಕಿದರೆ ಉಪಯೋಗವುಂಟು. ಕ್ಷಾರದ ಮಣ್ಣಿಗೆ ಬಿದ್ದರೆ ಕಬ್ಬಿಣ, ಸತು ಮುಂತಾದ ಪೋಷಕಾಂಶಗಳು ಬೇರಿಗೆ ದಕ್ಕದಂತಾಗಿ ಎಲೆಗಳು ಬಿಳಿಚಿಕೊಳ್ಳುತ್ತವೆ. ಹುಡಿಯೊಂದಿಗೆ ಅಂಟು, ಪಾಲಿಶ್ ವಸ್ತುಗಳು ಬೆರೆತಿದ್ದರೆ ಹೊಲಕ್ಕೆ ತರುವ ಮಾತೇ ಸಲ್ಲದು.

ಕರಿಕಲ್ಲಿನ ಬೆಟ್ಟ, ಹಿಪ್ಪುನೇರಳೆಯ ಎಲೆ

ಇನ್ನು ಗಣಿಗೆ ಬರೋಣ. ವ್ಯಾಪಾರದಲ್ಲಿ ಕರಿ ಗ್ರಾನೈಟ್ ಎನಿಸಿಕೊಳ್ಳುವ ಚಾಮರಾಜನಗರದ ಕಲ್ಲು ಭೂವಿಜ್ಞಾನದ ಪ್ರಕಾರ ಗ್ರಾನೈಟ್ ಅಲ್ಲ. ಡಾಲರೈಟ್ ಎಂಬ ಶಿಲೆ. ಕೋಟ್ಯಂತರ ವರ್ಷಗಳ ಹಿಂದೆ ಹಳೆಯ ಬಂಡೆಗಳ ಬಿರುಕಿನಲ್ಲಿ ಶಿಲಾರಸವು ನುಗ್ಗಿ, ತಣಿದು, ನೆಲದೊಳಗೆ ಗೋಡೆಯಂತೆ ನಿಂತದ್ದು. ಆ ಗೋಡೆ ಉದ್ದವಾಗಿದ್ದರೂ ಅಗಲ ಕಿರಿದು. ಆದುದರಿಂದ ಕರಿಕಲ್ಲನ್ನು ತೆಗೆಯಬೇಕಾದರೆ ಅದರ ಮೇಲಿನ ಮಣ್ಣನ್ನೂ ಅಕ್ಕಪಕ್ಕದ ಬಂಡೆಯನ್ನೂ ಬಿಡಿಸಿ ಆಳಕ್ಕೆ ಇಳಿಯಬೇಕು. ಹೊರದೇಶದ ಮಾರುಕಟ್ಟೆಗೆ ಸ್ಮಾರಕಶಿಲೆಯಾಗಿ ಹೋಗುವ ಬ್ಲಾಕಿನಲ್ಲಿ ಒಂದು ಕೂದಲೆಳೆಯ ಬಿರುಕಾಗಲಿ, ಒಂದು ಬಿಳಿಯ ಗೆರೆಯಾಗಲಿ ಇರಕೂಡದು. ಅಂಥ ಕಳಂಕವಿದ್ದ ಬ್ಲಾಕು ಗಣಿಯ ಅಂಚಿನ ರಾಶಿ ಸೇರುತ್ತದೆ. ಅಗೆದುದರ ಬಹುಪಾಲು ಹೀಗೆ ಲಾರಿಯನ್ನೇ ಹತ್ತದೆ ಉಳಿಯುತ್ತದೆ.

ಹಗುರ ಫಲಕದ ಲೆಕ್ಕದಲ್ಲಿ ಕಾಣದೆ ಹೋಗುವುದು ಈ ರಾಶಿ. ಲೆಕ್ಕ ಆರಂಭವಾಗುವುದು ಕಾರ್ಖಾನೆಗೆ ಬಂದ ಬ್ಲಾಕಿನಿಂದ. ಬೆಟ್ಟದ ಗಾಯ ಅದಕ್ಕಿಂತ ಮೊದಲೇ ಆಗಿರುತ್ತದೆ. ರಾಶಿಯು ಹಳ್ಳದ ದಾರಿಗೆ ಅಡ್ಡಲಾಗಿ ಬಿದ್ದರೆ ಕೆರೆಗೆ ಬರುವ ನೀರು ದಿಕ್ಕು ತಪ್ಪುತ್ತದೆ. ಮಳೆಗೆ ಕೊಚ್ಚಿದ ಹುಡಿ ಕೆರೆಯ ತಳದಲ್ಲಿ ಕೂರುತ್ತದೆ. ಬಿಳಿಗಿರಿಯ ಇಳಿಜಾರಿನ ನೀರನ್ನೂ ಸುವರ್ಣಾವತಿಯ ನಾಲೆಯನ್ನೂ ನಂಬಿ ಬದುಕುವ ಯಳಂದೂರಿನ ಬಯಲಿಗೆ ಇದು ಸಣ್ಣ ಸಂಗತಿಯಲ್ಲ. ಕೆಲಸ ನಿಂತ ಗಣಿಯ ಗುಂಡಿಗೆ ಬೇಲಿಯಿಲ್ಲದಿದ್ದರೆ ಅದು ದನಕರುಗಳಿಗೂ ಈಜಲು ಹೋಗುವ ಮಕ್ಕಳಿಗೂ ಮೃತ್ಯುಕೂಪ.

ದೂಳಿನ ಮಾತು ಇನ್ನೂ ಹತ್ತಿರದ್ದು. ಕೊಳ್ಳೇಗಾಲದ ರೇಷ್ಮೆಗೆ ಹೆಸರಿದೆ. ಆ ಹೆಸರು ನಿಂತಿರುವುದು ಹಿಪ್ಪುನೇರಳೆಯ ಎಲೆಯ ಮೇಲೆ. ದೂಳು ಕೂತ ಎಲೆಗೆ ಬೆಳಕು ಸಾಲದು, ಉಸಿರಾಟದ ರಂಧ್ರಗಳೂ ಮುಚ್ಚುತ್ತವೆ; ಎಲೆ ಒರಟಾಗುತ್ತದೆ. ಅಂಥ ಎಲೆಯನ್ನು ಹುಳು ಸರಿಯಾಗಿ ತಿನ್ನುವುದಿಲ್ಲ; ತಿಂದರೆ ಜಡವಾಗುತ್ತದೆ, ರೋಗಕ್ಕೆ ಬೇಗ ತುತ್ತಾಗುತ್ತದೆ. ತೊಳೆದು ಹಾಕೋಣವೆಂದರೆ ಒದ್ದೆ ಎಲೆಯೂ ಹುಳುವಿಗೆ ಆಗದು. ರಸ್ತೆಯಂಚಿನ ಸಾಲುಗಳ ಎಲೆಯನ್ನು ಬಿಟ್ಟುಬಿಡುವ ರೈತನಿಗೆ ಆಗುವ ನಷ್ಟ ಯಾವ ಕಲ್ಲಿನ ಬೆಲೆಯಲ್ಲಿಯೂ ಸೇರಿರುವುದಿಲ್ಲ.

ಗಣಿಯಲ್ಲಿ ದುಡಿಯುವವರೂ ಇದೇ ಹಳ್ಳಿಗಳ ಮಕ್ಕಳು. ಮಳೆ ಕೈಕೊಟ್ಟ ವರ್ಷ ಕಲ್ಲಿನ ಕೂಲಿಯಿಂದಲೇ ಒಲೆ ಉರಿದ ಮನೆಗಳುಂಟು; ಅವರನ್ನು ದೂರುವುದು ಅನ್ಯಾಯ. ಆದರೆ ಕರಿಕಲ್ಲಿನ ಸುತ್ತಲಿನ ಬಂಡೆಯಲ್ಲಿಯೂ ಜಲ್ಲಿಯ ಕ್ರಷರಿನಲ್ಲಿ ಪುಡಿಯಾಗುವ ಕಲ್ಲಿನಲ್ಲಿಯೂ ಸ್ಫಟಿಕ ಸಿಲಿಕಾ ಹೇರಳವಾಗಿರುತ್ತದೆ. ಆ ದೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಸಿಲಿಕಾ ಹೆಚ್ಚಿರುವ ಕೃತಕ ಕಲ್ಲನ್ನು ಕೊಯ್ಯುವ ಕೆಲಸಗಾರರಲ್ಲಿ ಈ ರೋಗ ಹರಡಿದ್ದರಿಂದ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಗಣಿಯಲ್ಲಿ 2022ರ ಮಾರ್ಚಿನಲ್ಲಿ ಬಂಡೆ ಕುಸಿದು ಕಾರ್ಮಿಕರು ಪ್ರಾಣ ತೆತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ.

ಇನ್ನೊಂದು ಬೆಟ್ಟ

ಫಲಕದ ಬೆನ್ನಿನಲ್ಲಿರುವ ಅಲ್ಯೂಮಿನಿಯಂ ಎಲ್ಲಿಂದ ಬರುತ್ತದೆ? ಅದೂ ಬೆಟ್ಟದಿಂದಲೇ. ಒಂದು ಟನ್ ಅಲ್ಯೂಮಿನಿಯಂ ತಯಾರಿಸಲು ಸುಮಾರು ನಾಲ್ಕು ಟನ್ ಬಾಕ್ಸೈಟ್ ಅದಿರು ಬೇಕು. ಅದನ್ನು ಕರಗಿಸಿ ಲೋಹವನ್ನು ಬೇರ್ಪಡಿಸಲು ಕಿಲೋ ಒಂದಕ್ಕೆ 14 ಯೂನಿಟ್ಟಿನಷ್ಟು ವಿದ್ಯುತ್ ಖರ್ಚಾಗುತ್ತದೆ. ಭಾರತದಲ್ಲಿ ಬಾಕ್ಸೈಟ್ ಹೆಚ್ಚಾಗಿ ಸಿಗುವುದು ಪೂರ್ವಘಟ್ಟದ ನೆತ್ತಿಗಳಲ್ಲಿ. ಆ ನೆತ್ತಿಗಳಲ್ಲಿ ಮಳೆನೀರು ಇಂಗಿ ಕೆಳಗಿನ ತೊರೆಗಳಾಗಿ ಹರಿಯುತ್ತದೆ.

ಒಡಿಶಾದ ನಿಯಮಗಿರಿ ಅಂಥ ಒಂದು ಬೆಟ್ಟ. ಅಲ್ಲಿಯ ಡೋಂಗ್ರಿಯಾ ಕೋಂದ್ ಜನರಿಗೆ ಅದು ದೈವ. 2013ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಯ ವಿಚಾರವನ್ನು ಗ್ರಾಮಸಭೆಗಳ ಮುಂದಿಡಬೇಕೆಂದು ಆದೇಶಿಸಿತು. ಅದೇ ವರ್ಷ 12 ಹಳ್ಳಿಗಳ ಸಭೆಗಳು ನಡೆದು, ಹನ್ನೆರಡೂ ಗಣಿಯನ್ನು ನಿರಾಕರಿಸಿದವು. ಬಿಳಿಗಿರಿಯ ಪೋಡುಗಳ ಸೋಲಿಗರು 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ ಸಮುದಾಯದ ಹಕ್ಕುಗಳನ್ನು ಪಡೆದದ್ದೂ ಇಂಥದೇ ದಾರಿಯಲ್ಲಿ ಇಟ್ಟ ಹೆಜ್ಜೆ. ಆ ವರ್ಷವೇ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು.

ಹೀಗಿರುವಾಗ ಇಲ್ಲಿಯ ಕಲ್ಲನ್ನು ಅರ್ಧ ಉಳಿಸಿ, ಅದರ ಬದಲು ಇನ್ನೊಂದು ಬೆಟ್ಟದ ನೆತ್ತಿಯನ್ನು ಕೆರೆದರೆ ಒಟ್ಟು ಹೊರೆ ಎಷ್ಟು ಇಳಿಯಿತು ಎಂದು ಕೇಳಲೇಬೇಕಾಗುತ್ತದೆ. ಹಳೆಯ ಪಾತ್ರೆ, ಹಳೆಯ ತಗಡುಗಳನ್ನು ಕರಗಿಸಿ ಪಡೆದ ಅಲ್ಯೂಮಿನಿಯಂ ಬಳಸಿದರೆ ವಿದ್ಯುತ್ತಿನ ಖರ್ಚು ಹೆಚ್ಚುಕಡಿಮೆ ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫಲಕ ಮಾರುವವರನ್ನು ಕೇಳಬೇಕಾದ ಮೊದಲನೆಯ ಪ್ರಶ್ನೆ ಇದೇ.

ಕಾಲದ ತಕ್ಕಡಿ

ತೆಳುವಾದ ಅಮೃತಶಿಲೆ ಹೊರಗೋಡೆಯಲ್ಲಿ ಎಷ್ಟು ವರ್ಷ ಬಾಳುತ್ತದೆ? ಜಗತ್ತಿನ ಎರಡು ಹೆಸರಾಂತ ಕಟ್ಟಡಗಳು ಈ ಪ್ರಶ್ನೆಗೆ ಕಹಿಯಾದ ಉತ್ತರ ಕೊಟ್ಟಿವೆ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಫಿನ್ಲಾಂಡಿಯಾ ಸಭಾಭವನ 1971ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಇಟಲಿಯ ಕರಾರಾ ಅಮೃತಶಿಲೆಯ, 3 ಸೆಂ.ಮೀ. ದಪ್ಪದ ಹೊದಿಕೆಯಿತ್ತು. ಕಾಲಕ್ರಮದಲ್ಲಿ ಚಪ್ಪಡಿಗಳು ಬಾಗಿದವು. 1998-99ರಲ್ಲಿ ಎಲ್ಲವನ್ನೂ ಬದಲಿಸಿದರೂ ಹೊಸ ಕಲ್ಲೂ ಬಾಗತೊಡಗಿತು. 2022ರಲ್ಲಿ ಆರಂಭವಾದ ನವೀಕರಣದಲ್ಲಿ ಹೊದಿಕೆಯನ್ನು ಮತ್ತೊಮ್ಮೆ ಬದಲಿಸಬೇಕಾಯಿತು. ಅಮೆರಿಕದ ಶಿಕಾಗೋ ನಗರದಲ್ಲಿ 1973ರಲ್ಲಿ ಎದ್ದ ತೈಲಸಂಸ್ಥೆಯ ಗಗನಚುಂಬಿಗೆ ಅದೇ ಕರಾರಾ ಶಿಲೆಯ ಸುಮಾರು 43,000 ಚಪ್ಪಡಿಗಳನ್ನು ಹಚ್ಚಲಾಗಿತ್ತು. ಅವೂ ಬಾಗಿದವು. 1990ರಿಂದ 1992ರ ನಡುವೆ ಅವೆಲ್ಲವನ್ನೂ ಕಿತ್ತು ಗ್ರಾನೈಟ್ ಹೊದಿಸಲಾಯಿತು.

ಕಾರಣ ಅಮೃತಶಿಲೆಯ ಹರಳಿನ ಗುಣ. ಅದರಲ್ಲಿರುವ ಕ್ಯಾಲ್ಸೈಟ್ ಹರಳು ಬಿಸಿಯಾದಾಗ ಒಂದು ದಿಕ್ಕಿನಲ್ಲಿ ಹಿಗ್ಗುತ್ತದೆ, ಅಡ್ಡದಿಕ್ಕಿನಲ್ಲಿ ಕುಗ್ಗುತ್ತದೆ. ದಿನದಿನವೂ ಬಿಸಿಲು ತಂಪುಗಳ ನಡುವೆ ಹರಳು ಹರಳಿನ ಬಿಗಿ ಸಡಿಲವಾಗಿ, ತೇವವೂ ಸೇರಿ, ಚಪ್ಪಡಿ ಹಪ್ಪಳದಂತೆ ಬಾಗುತ್ತದೆ.

ಆ ಎರಡೂ ಕಟ್ಟಡಗಳಲ್ಲಿದ್ದುದು ಬೆನ್ನಾಸರೆಯಿಲ್ಲದ ಇಡಿಗಲ್ಲು, ಜೇನುಗೂಡಿನ ಫಲಕವಲ್ಲ. ಜೇನುಗೂಡಿನ ಬೆನ್ನು ಬಾಗುವಿಕೆಯನ್ನು ತಡೆಯುತ್ತದೆಂಬುದನ್ನೂ ಹೇಳಬೇಕು. ಆದರೆ ಅಲ್ಲಿ ಬೇರೊಂದು ಎಳೆದಾಟವಿದೆ. ಬಿಸಿಲಿನ ಗೋಡೆಯ ತಾಪ 40 ಡಿಗ್ರಿಯಷ್ಟು ಏರಿಳಿದರೆ ಒಂದು ಮೀಟರು ಅಲ್ಯೂಮಿನಿಯಂ ಸುಮಾರು 1 ಮಿ.ಮೀ. ಹಿಗ್ಗುತ್ತದೆ; ಕಲ್ಲು ಅದರ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಮಾತ್ರ ಹಿಗ್ಗುತ್ತದೆ. ಜಗ್ಗಾಟವನ್ನೆಲ್ಲ ನಡುವಿನ ಅಂಟು ತಾಳಿಕೊಳ್ಳಬೇಕು. ಅಂಟು ಸೋತ ದಿನ ಎತ್ತರದಿಂದ ಬೀಳುವುದು ಕಲ್ಲೇ. ಇಡಿಗಲ್ಲಿನ ಚಪ್ಪಡಿಯನ್ನು ಕಿತ್ತು ಮತ್ತೊಂದು ಕಡೆ ಹಾಸಬಹುದು, ಹಿಂದಿನವರು ಹಾಗೆ ಮಾಡುತ್ತಲೇ ಬಂದರು. ಕಲ್ಲು, ಅಂಟು, ಲೋಹ ಬೆಸೆದ ಫಲಕವನ್ನು ಬೇರ್ಪಡಿಸಿ ಮರುಬಳಸುವುದು ಬಲು ಕಷ್ಟ. ಬಳೇಮಂಟಪದ ಕಲ್ಲು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬಿಸಿಲು ಮಳೆಗಳನ್ನು ಕಂಡಿದೆ. ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಬದಲಾಗುವ ಹೊದಿಕೆ ಒಂದು ಸಲಕ್ಕೆ ಅರ್ಧ ಕಲ್ಲು ಉಳಿಸಿದರೂ ಎರಡನೆಯ ಸಲಕ್ಕೆ ಆ ಉಳಿತಾಯ ಮುಗಿದುಹೋಗುತ್ತದೆ.

ಏನು ಮಾಡಬಹುದು

ಇಷ್ಟರಿಂದ ಹಗುರ ಫಲಕವನ್ನು ಬಹಿಷ್ಕರಿಸಬೇಕೆಂದು ಅರ್ಥವಲ್ಲ. ಒಳಗೋಡೆಗೆ, ಲಿಫ್ಟಿಗೆ, ಭಾರ ತಾಳದ ಹಳೆಯ ಕಟ್ಟಡಕ್ಕೆ ಅದು ತಕ್ಕ ವಸ್ತು. ಅಲ್ಲಿ ಬಿಸಿಲಿನ ಕಾಟವೂ ಕಡಿಮೆ. ಹೊರಗೋಡೆಗೆ ಹಚ್ಚಲೇಬೇಕಾದರೆ ಅಮೃತಶಿಲೆಗಿಂತ ಕರಿಕಲ್ಲು, ಗ್ರಾನೈಟುಗಳು ತಾಳಿಕೆಯವು. ಅಂಟನ್ನೊಂದೇ ನಂಬದೆ ಲೋಹದ ಕೊಂಡಿಗಳಿಂದಲೂ ಹಿಡಿದಿಡಬೇಕು. ಆದರೆ ಒಂದಂತಸ್ತು ಎರಡಂತಸ್ತಿನ ಪಂಚಾಯಿತಿ ಕಚೇರಿ, ಶಾಲೆ, ವಿದ್ಯಾರ್ಥಿನಿಲಯಗಳಿಗೆ ತೂಕ ಇಳಿಸುವ ಅಗತ್ಯವೇ ಇಲ್ಲ. ಅಲ್ಲಿಗೆ ದೂರದ ಫಲಕ ತರಿಸುವ ಬದಲು ಗಣಿಯಂಚಿನಲ್ಲಿ ಬಿದ್ದಿರುವ, ಗೆರೆಯಿದೆಯೆಂದು ಮಾರುಕಟ್ಟೆ ಒಲ್ಲೆನೆಂದ ಕಲ್ಲನ್ನು ಸೈಜುಗಲ್ಲಾಗಿಯೂ ಹಾಸುಗಲ್ಲಾಗಿಯೂ ಬಳಸಬಹುದು. ಅದೇ ಕಲ್ಲಿನಿಂದ ಹೊಲದ ಬದು, ಹಳ್ಳದ ಕಲ್ಲುತಡೆ ಕಟ್ಟಬಹುದು. ಈಗಾಗಲೇ ಅಗೆದ ಕಲ್ಲಿಗೆ ಮರ್ಯಾದೆ ಸಿಕ್ಕಿದಷ್ಟೂ ಅಗೆಯದ ಬೆಟ್ಟಕ್ಕೆ ಆಯುಷ್ಯ.

ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆ ಕಾನೂನಿನ ಬಲವಿದೆ. ಗ್ರಾನೈಟ್ ಸಂರಕ್ಷಣೆ ಮತ್ತು ಅಭಿವೃದ್ಧಿಯ 1999ರ ಕೇಂದ್ರ ನಿಯಮಗಳು ತ್ಯಾಜ್ಯದ ರಾಶಿಯ ನಿರ್ವಹಣೆಯನ್ನೂ ಗಣಿಗೊಂಡ ನೆಲದ ಪುನಶ್ಚೇತನವನ್ನೂ ಗುತ್ತಿಗೆದಾರನ ಹೊಣೆಯಾಗಿಸಿವೆ. 5 ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮೋದನೆ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿತು. ವನ್ಯಜೀವಿಧಾಮದೊಳಗೂ ಅದರ ಗಡಿಯಿಂದ 1 ಕಿ.ಮೀ. ವರೆಗೂ ಗಣಿಗಾರಿಕೆ ಕೂಡದೆಂದು 2023ರ ಏಪ್ರಿಲಿನ ಆದೇಶದಲ್ಲಿ ಸ್ಪಷ್ಟಪಡಿಸಿತು. ಗಣಿಯಿಂದ ಬಾಧಿತರಾದ ಜನರ ಹಿತಕ್ಕಾಗಿ 2015ರ ಕಾನೂನು ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ರಾಶಿ ಎಲ್ಲಿಗೆ, ಗುಂಡಿಗೆ ಬೇಲಿ ಯಾವಾಗ, ಲಾರಿಯ ದಾರಿಗೆ ನೀರು ಚಿಮುಕಿಸುವವರು ಯಾರು, ಪ್ರತಿಷ್ಠಾನದ ಹಣ ಯಾವ ಊರಿಗೆ ಎಂದು ಕೇಳುವ ಹಕ್ಕು ಪ್ರತಿ ಗ್ರಾಮಸ್ಥನಿಗೂ ಉಂಟು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು. ಬಾಯಿಮಾತು ಮುಂದಿನ ಸಭೆಗೆ ಉಳಿಯುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಲಾರಿ ಓಡುವ ದಾರಿಯ ಅಂಚಿನ ಹಿಪ್ಪುನೇರಳೆ ಸಾಲಿನಿಂದ 50 ಎಲೆ, ಅರ್ಧ ಕಿಲೋಮೀಟರು ಒಳಗಿನ ಸಾಲಿನಿಂದ 50 ಎಲೆ ತರಬೇಕು. ತಳಿ, ಗಿಡದ ವಯಸ್ಸು, ಎಲೆಯ ಗಾತ್ರ ಒಂದೇ ಇರಬೇಕು. ಬೇರೆಬೇರೆಯಾಗಿ ಒಂದೊಂದು ಲೀಟರು ಶುದ್ಧ ನೀರಿನಲ್ಲಿ ತೊಳೆದು, ಮೊದಲೇ ತೂಗಿಟ್ಟ ಸೋಸುಕಾಗದದಲ್ಲಿ ನೀರನ್ನು ಸೋಸಿ, ಕಾಗದವನ್ನು ಒಣಗಿಸಿ ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಮತ್ತೆ ತೂಗಬೇಕು. ಹೆಚ್ಚಿದ ತೂಕವೇ ಎಲೆಯ ಮೇಲಿದ್ದ ದೂಳು. ತಾರೀಖು, ಗಾಳಿಯ ದಿಕ್ಕು, ಕೊನೆಯ ಮಳೆ ಬಂದ ದಿನ ಇವನ್ನು ಬರೆದು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಒಂದು ವರ್ಷಕ್ಕೆ ಹನ್ನೆರಡು ಸಾಲಿನ ಪಟ್ಟಿ ಸಿದ್ಧವಾಗುತ್ತದೆ. ದೂರು ಎಂದರೆ ಕೇಳದ ಕಿವಿಗಳು ಅಂಕಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರವು.

ನಗರದಲ್ಲಿ ಕಟ್ಟಡ ಕಟ್ಟುವವನು ತನ್ನ ಗೋಡೆಯ ತೂಕವನ್ನು ತೂಗಿಕೊಳ್ಳಲಿ. ಎಲೆಯ ಮೇಲಿನ ದೂಳನ್ನು, ಕೆರೆಯ ಹೂಳನ್ನು, ಗಣಿಯಂಚಿನ ರಾಶಿಯನ್ನು ತೂಗುವ ಕೆಲಸ ಬೆಟ್ಟದ ತಪ್ಪಲಿನವರಿಗೇ ಸೇರಿದ್ದು. ಮುಂದಿನ ಗ್ರಾಮಸಭೆಯ ಹೊತ್ತಿಗೆ ಮೊದಲ ತಿಂಗಳ ತೂಕದ ಚೀಟಿಯಾದರೂ ಮೇಜಿನ ಮೇಲಿರಲಿ.